ದತ್ತು ಹೋದ ನಮ್ಮ ಮಾವ

ನಮ್ಮ ಮಾವ ವೆಂಕಟೇಶಪ್ಪನವರನ್ನು ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ದತ್ತು ತೆಗೆದುಕೊಂಡಳು. ಮಾವನಿಗೆ ಆಗ ಅರವತ್ತೇಳು. ಹೆಂಡತಿ, ಮಗ, ಸೊಸೆ, ಮೊಮ್ಮಗ, ಎರಡು ಸೀಮೆ ಹಸು, ಒಂದು ಕರು ಎಲ್ಲ ಇದ್ದೂ ಅವರು ದತ್ತು ಹೋದದ್ದು ಹೇಗೆ ಎಂದರೆ, ಅದು ನಿಯಮವಂತೆ. ಡಾಕ್ಟರಾಗಲು ಸೇರಿದ ಮಕ್ಕಳು ಮೊದಲ ವರ್ಷದಿಂದಲೇ ಹಳ್ಳಿಯ ಐದಾರು ಮನೆಗಳನ್ನು ದತ್ತು ತೆಗೆದುಕೊಳ್ಳಬೇಕು, ಆಗಾಗ ಬಂದು ಆ ಮನೆಯವರ ಆರೋಗ್ಯ ನೋಡಿಕೊಳ್ಳಬೇಕು. ನೋಡಿಕೊಳ್ಳಬೇಕು ಅಂದರೆ ಲಾಗ್‌ಬುಕ್ ತುಂಬಿಸಬೇಕು. ಅವರು ಯಾವ ಕಾಲೇಜಿನವರು ಅಂತ ಬರೆಯಲು ನನಗೆ ಇಷ್ಟವಿಲ್ಲ. ಎಲ್ಲ ಕಾಲೇಜಿನ ಮಕ್ಕಳೂ ಹೀಗೇ ಇರುತ್ತಾರೆ ಅಂತ ನನ್ನ ಗುಮಾನಿ.

ನಮ್ಮೂರು ಕಾಮಸಮುದ್ರದಿಂದ ಮೂರು ಮೈಲಿ. ನಾನು ಬೆಂಗಳೂರಿನಲ್ಲಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದು ನಾಲ್ಕು ವರ್ಷ. ನನ್ನ ಗಂಡ ಚಲಪತಿ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡ್ ಕಡೆ ಫ್ಯಾಕ್ಟರಿಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹಾಗಾಗಿ ಹಗಲು ಹೊತ್ತಿನಲ್ಲಿ ಮನೆಗೆ ಯಾರು ಬಂದರೂ, ಏನು ಹೇಳಿದರೂ, ಕೇಳಿ ಹೆದರಿಕೊಳ್ಳುವ ಕೆಲಸ ನನ್ನೊಬ್ಬಳದೇ.

ಮಾವನ ಬಗ್ಗೆ ಮೊದಲು ಹೇಳಬೇಕು. ಅವರು ಹದಿನಾರನೇ ವಯಸ್ಸಿನಿಂದ ಹಾಲಿನವರು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ಮನೆಮನೆಗೂ ಹಾಲು ಹಾಕಿದವರು. ಅಲ್ಲಿನ ಹೆಂಗಸರು ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟು, ಅದು ಜಾರಿದರೆ ತಮಿಳಿನಲ್ಲಿ ಬೈದು, ನಿಂತರೆ ಪಾತ್ರೆ ಒಡ್ಡುತ್ತಿದ್ದರಂತೆ. ಮಾವನ ತಮಿಳೆಲ್ಲ ಆ ಬೈಗುಳದಿಂದ ಬಂದದ್ದು. ಗಣಿ ಮುಚ್ಚಿದ ಮೇಲೆ ಲೈನಿನ ಮನೆಗಳು ಒಂದೊಂದಾಗಿ ಖಾಲಿಯಾದವು, ಮಾವ ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಊರಿನ ಡೇರಿಗೆ ಹಾಲು ಹಾಕಲು ಶುರು ಮಾಡಿದರು. ಐವತ್ತು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿಲ್ಲ ಅಂತ ಅತ್ತೆ ಹೇಳುತ್ತಾರೆ. ಅವರ ಮದುವೆಯ ದಿನವೂ ಬೆಳಗಿನ ಹಾಲು ಹಾಕಿ ಬಂದೇ ಹಸೆಗೆ ಕೂತದ್ದಂತೆ. ಇದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ಹೆಮ್ಮೆ ಇರುತ್ತದೋ ಕೋಪ ಇರುತ್ತದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈಗ ಅವರಿಗೆ ಇನ್ನೊಂದು ಅಭ್ಯಾಸವಾಗಿದೆ. ಬಲಗೈಯಲ್ಲಿ ಕ್ಯಾನು, ಎಡಗೈಯಲ್ಲಿ ನನ್ನ ಮಗ. ಪಾಪುವಿಗೆ ಒಂದು ವರ್ಷ ತುಂಬುವ ಮೊದಲಿನಿಂದಲೂ ಎರಡು ಹೊತ್ತೂ ತಾತನ ತೋಳಿನ ಮೇಲೆ ಡೇರಿಗೆ ಹೋಗಬೇಕು, ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ದಾರಿಯಲ್ಲಿ ಒಂದು ಬಾವಿ ಇದೆ. ಅದರ ಕಟ್ಟೆ ನನ್ನ ಮೊಣಕಾಲಿಗೂ ಬರುವುದಿಲ್ಲ. ಆ ಬಾವಿ ನೆನೆದರೆ ನನಗೆ ಇಲ್ಲಿ ಕೂತಲ್ಲೇ ಬೆವರುತ್ತದೆ.

ಆಗಸ್ಟಿನ ಒಂದು ಬೆಳಗ್ಗೆ ಕಾಲೇಜಿನ ಬಸ್ಸು ಬಂದು ಅರಳಿಕಟ್ಟೆಯ ಹತ್ತಿರ ನಿಂತಿತು. ಬಿಳಿ ಕೋಟಿನ ಮಕ್ಕಳು ಇಳಿದರು. ಕೋಟಿನಲ್ಲಿ ಅಂಗಡಿಯ ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆ ಕಲಾ ಅವರನ್ನು ಮನೆಮನೆಗೆ ಹಂಚಿದಳು. ನಮ್ಮ ಮನೆಗೆ ಬಂದವಳ ಹೆಸರು ಸುಮಿತಾ. ಜೊತೆಗೊಬ್ಬ ಉದ್ದನೆಯ ಹುಡುಗ. ಅವನು ಕಡೆಯವರೆಗೂ ಬಾಯಿ ಬಿಡಲಿಲ್ಲ.

ಜಗಲಿಯ ಮೇಲೆ ಕೂರುವ ಮೊದಲು ಸುಮಿತಾ ಕರವಸ್ತ್ರ ಹಾಸಿದಳು. ನನ್ನನ್ನು ನೋಡಿ ‘ಆಂಟಿ’ ಅಂದಳು. ನನಗೆ ಇಪ್ಪತ್ತೆಂಟು. ಇರಲಿ. ಹದಿನಾಲ್ಕು ಪುಟದ ಫಾರಂ ತೆಗೆದು ಕೇಳತೊಡಗಿದಳು. ಮನೆಗೆ ಕಿಟಕಿ ಎಷ್ಟು, ಕಸ ಎಲ್ಲಿ ಹಾಕುತ್ತೀರಿ, ಹಸುವಿಗೂ ನಿಮಗೂ ನಡುವೆ ಗೋಡೆ ಇದೆಯೇ, ಊಟಕ್ಕೆ ಮೊದಲು ಕೈ ತೊಳೆಯುತ್ತೀರಾ. ಕೈ ತೊಳೆಯುವ ಪ್ರಶ್ನೆಗೆ ಅತ್ತೆ ಎದ್ದು ಒಳಗೆ ಹೋದರು. ಸುಮಿತಾ ‘ಇಲ್ಲ’ ಅಂತ ಗುರುತು ಹಾಕಿಕೊಂಡಳು.

ಆಮೇಲೆ ಮಾವನ ಕಡೆ ತಿರುಗಿದಳು.

“ತಾತ, ನಿಮ್ಮ ಪ್ರಕಾರ ಆರೋಗ್ಯ ಅಂದ್ರೆ ಏನು?”

ಮಾವ ಇದು ಯಾವುದೋ ಸುಲಭದ ಲೆಕ್ಕ ಅನ್ನುವಂತೆ ನಕ್ಕರು. “ಬೆಳಿಗ್ಗೆ ನಾಕೂವರೆಗೆ ಎದ್ದು, ಸಗಣಿ ಬಾಚಿ, ಆಲು ಕರ್ದು, ಡೇರಿಗಾಕಿ ಬಂದ್ರೆ ಅದು ಆರೋಗ್ಯ ತಾಯಿ.”

“ಮತ್ತೆ ಕಾಯಿಲೆ ಅಂದ್ರೆ?”

“ಏಳಕ್ಕಾಗ್ದಿದ್ರೆ ಕಾಯ್ಲೆ. ಇನ್ನೇನೈತೆ ಅದ್ರಾಗೆ.”

ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ, ಆರೋಗ್ಯ ಅಂದರೆ ಬರೀ ರೋಗ ಇಲ್ಲದಿರುವುದಲ್ಲ, ದೈಹಿಕವಾಗಿ, ಮಾನಸಿಕವಾಗಿ, ಸಾಮಾಜಿಕವಾಗಿ ಸಂಪೂರ್ಣ ನೆಮ್ಮದಿಯಿಂದ ಇರುವುದು ಅಂತ ಹೇಳಿದಳು. ಮಾವ ಪೂರ್ತಿ ಕೇಳಿಸಿಕೊಂಡು, “ಅಂಗೆ ಯಾರಿದ್ದಾರೆ ತಾಯಿ? ನೀನಿದ್ದೀಯಾ?” ಅಂತ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬೆಳಗಿನ ತಿಂಡಿ ತಿಂದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬ್ಯಾಗಿನ ಬಾಯಲ್ಲಿ ಚಿಪ್ಸ್ ಪ್ಯಾಕೆಟ್ಟು ಇಣುಕುತ್ತಿತ್ತು. ಮಾವನ ಉತ್ತರದ ಮುಂದೆ ಅವಳು ಏನು ಬರೆದಳು ಅಂತ ನಾನು ಕಾಫಿ ಲೋಟ ಇಡುವ ನೆಪದಲ್ಲಿ ಬಗ್ಗಿ ನೋಡಿದೆ. ‘ಅರಿವು: ಕಡಿಮೆ’ ಅಂತಿತ್ತು.

ಈ ಮಕ್ಕಳ ತಲೆಯಲ್ಲಿ ಒಂದು ಚಿತ್ರ ಇದೆ. ಊರಿನವರಿಗೆ ಕಾಯಿಲೆ ಬರುವುದು ಗೊತ್ತಿಲ್ಲದ್ದರಿಂದ. ಗೊತ್ತುಮಾಡಿಸಿದರೆ ಹೋಗುತ್ತದೆ. ಗೊತ್ತಿರುವ ತಮಗೆ ಬರುವುದೇ ಇಲ್ಲ. ಇಡೀ ಚಿತ್ರ ಇಷ್ಟೇ. ಮೂಳೆಗಳ ಹೆಸರು ಇನ್ನೂರಾರನ್ನೂ ಬಾಯಿಪಾಠ ಮಾಡಿರುತ್ತಾರೆ, ಆದರೆ ಆ ಮೂಳೆಯ ಮೇಲೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ತನ್ನದೇ ಒಂದು ಲೆಕ್ಕಾಚಾರ ಇದೆ ಅನ್ನುವುದು ಅವರ ಯಾವ ಪುಟದಲ್ಲೂ ಇನ್ನೂ ಬಂದಿಲ್ಲ.

ಆ ದಿನ ಅವಳು ಬಿಪಿ ನೋಡಿದಳು. ತೋಳಿನ ಪಟ್ಟಿಯನ್ನು ಮೊದಲು ಉಲ್ಟಾ ಸುತ್ತಿದಳು, ಆಮೇಲೆ ನಾಡಿ ಸಿಗಲಿಲ್ಲ, ಮೂರನೇ ಸಲಕ್ಕೆ ನೂರ ಎಪ್ಪತ್ತೆಂಟು, ನೂರ ನಾಲ್ಕು ಅಂತ ಬಂತು. ಅವಳ ಮುಖ ಅರಳಿತು. ತಪ್ಪು ತಿಳಿಯಬೇಡಿ, ನಾನು ಎದುರಿಗೇ ಇದ್ದೆ, ಅರಳಿತು. ಅವಳ ಐದು ಮನೆಗಳಲ್ಲಿ ಸಿಕ್ಕ ಮೊದಲ ಕಾಯಿಲೆ ಅದು. ಹುಡುಗನಿಗೆ ತೋರಿಸಿದಳು, ಅವರ ಸರ್ ಅನ್ನು ಕರೆತಂದಳು. ಸರ್ ಸಮಾಧಾನದ ಮನುಷ್ಯ. ತಾವೇ ಇನ್ನೊಮ್ಮೆ ನೋಡಿ, ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದರು. ಅಲ್ಲಿಂದ ದಿನಕ್ಕೊಂದರಂತೆ ನುಂಗುವ ಮಾತ್ರೆ ಬಂತು. ತಿಂಗಳಿಗೊಮ್ಮೆ ಕಲಾ ತಂದುಕೊಡುತ್ತಾಳೆ.

ಮಾವ ಮಾತ್ರೆಯ ಹಾಳೆಯನ್ನು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟರು. ಅಲ್ಲೇ ಬಿಟ್ಟರು.

“ಮಾವ, ತಗೊಂಡ್ರಾ?” ಅಂತ ನಾನು ದಿನಾ ಕೇಳುತ್ತಿದ್ದೆ.

“ತಲೆ ನೋವಿಲ್ಲ, ಸುಸ್ತಿಲ್ಲ. ನೋವಿಲ್ದೋನು ಮಾತ್ರೆ ನುಂಗಿದ್ರೆ ಮಾತ್ರೆ ಒಳಗೋಗಿ ಏನ್ ಕೆಲ್ಸ ಮಾಡ್ತದಮ್ಮ? ಸುಮ್ನೆ ಕೂತಿರ್ತದಾ?”

“ಪಾಪೂನ ಎತ್ಕೊಂಡು ಹೋಗ್ತೀರಿ ಮಾವ. ದಾರೀಲಿ ತಲೆ ತಿರುಗಿದ್ರೆ? ಆ ಬಾವಿ ಹತ್ರ...”

“ಐವತ್ತು ವರ್ಷದಾಗೆ ಒಂದು ಲೋಟ ಆಲು ಚೆಲ್ಲಿಲ್ಲ ನಾನು. ಮಗೂನ ಚೆಲ್ತೀನಾ?”

ಗಂಡನಿಗೆ ಹೇಳಿದರೆ, “ಬೈದು ಕೊಡು ಶಶಿ, ತಗೋತಾರೆ” ಅಂತ ಹೇಳಿ ನಿದ್ದೆ ಹೋಗುತ್ತಾರೆ. ಮಾವನಿಗೆ ಸೊಸೆ ಬೈಯುವುದು ಹೇಗೆ ಅಂತ ರೈಲಿನಲ್ಲಿ ಯಾರಾದರೂ ಇವರಿಗೆ ಹೇಳಿಕೊಟ್ಟಿದ್ದರೆ ನನಗೂ ಹೇಳಬಹುದಿತ್ತು.

ನವೆಂಬರಿನಲ್ಲಿ ಸುಮಿತಾ ಎರಡನೇ ಸಲ ಬಂದಳು. ಈ ಸಲ ಕರವಸ್ತ್ರ ಹಾಸಲಿಲ್ಲ, ಆದರೆ ಬೇರೆ ರೋಗ ಶುರುವಾಗಿತ್ತು. ಏನು ಓದಿದ್ದಳೋ, ಓದಿದ್ದೆಲ್ಲ ತನಗೇ ಇದೆ ಅಂತ ಅವಳಿಗೆ ಅನುಮಾನ. ಕತ್ತಿನ ಪಕ್ಕ ಒಂದು ಸಣ್ಣ ಗಂಟು ಸಿಕ್ಕಿದೆಯಂತೆ, ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ, “ಆಂಟಿ, ಇಲ್ಲಿ ಮುಟ್ಟಿ ನೋಡಿ, ದೊಡ್ಡದಾಗಿದೆ ಅನ್ಸುತ್ತಾ?” ಅಂದಳು. ನಾನು ಮುಟ್ಟಿ ನೋಡಿದೆ. ಹೋದ ವಾರ ಅದು ಎಷ್ಟಿತ್ತು ಅಂತ ನನಗೇನು ಗೊತ್ತು?

ತನಗೆ ಸಿಕ್ಕ ಹೆದರಿಕೆಯನ್ನು ಹಂಚದೆ ಈ ಮಕ್ಕಳು ಹೋಗುವುದಿಲ್ಲ. ಹೊರಡುವ ಮೊದಲು ಟೇಪು ತೆಗೆದು ಪಾಪುವಿನ ತಲೆ ಸುತ್ತಳತೆ ತೆಗೆದಳು. ಪುಸ್ತಕ ನೋಡಿದಳು. ಇನ್ನೊಮ್ಮೆ ತಲೆ ನೋಡಿದಳು. “ಇವನ ತಲೆ ಸ್ವಲ್ಪ ದೊಡ್ಡದಲ್ವಾ ಆಂಟಿ?” ಅಂತ ಹೇಳಿ, ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡು, ನೀರು ಕುಡಿದಳು.

ಮೂರು ದಿನ ನಾನು ಮನುಷ್ಯಳಾಗಿರಲಿಲ್ಲ. ಮಗುವಿನ ತಲೆಯ ಬಗ್ಗೆ ಫೋನಿನಲ್ಲಿ ಏನೇನು ಬರುತ್ತದೋ ಅದೆಲ್ಲ ಓದಿದೆ. ನಾಲ್ಕನೇ ದಿನ ಕಲಾ ಬಂದು, ನನ್ನ ಮುಖ ನೋಡಿ, ವಿಷಯ ಕೇಳಿ, ಮಾವನನ್ನೂ ಕರೆದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು.

“ಈ ತಲೆ ನೋಡಕ್ಕಾ. ನಿಮ್ಮೆಜಮಾನ್ರದ್ದೂ ನೋಡು. ಈ ಮನೇಲಿ ಯಾರ್ದು ಸಣ್ಣದೈತೆ ಏಳು. ನಿಮ್ಮತ್ತೆ ಎರಿಗೆ ಟೈಮ್ನಾಗೆ ಪಟ್ಟ ಪಾಡು ಅವ್ರನ್ನೇ ಕೇಳು.”

ಅತ್ತೆ ಒಳಗಿನಿಂದ, “ಎರಡು ದಿನ” ಅಂದರು, ಅಷ್ಟೇ. ಕಲಾಳ ತೂಕ, ಅಳತೆಯ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹುಟ್ಟಿದಾಗಿನಿಂದ ಚಾರ್ಟಿನ ಒಂದೇ ಗೆರೆಯ ಮೇಲೆ ಬೆಳೆದಿದ್ದಾನೆ. ಇದನ್ನು ನೋಡಲು ಸುಮಿತಾಳಿಗೆ ಎರಡು ನಿಮಿಷ ಸಾಕಿತ್ತು. ಹಳೆಯ ಪುಸ್ತಕ ಕೇಳಬೇಕು ಅಂತ ಅವಳಿಗೆ ಹೊಳೆದಿರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಆ ನವೆಂಬರಿನಲ್ಲಿ ನಡೆದ ಇನ್ನೊಂದು ಮಾತಿನ ಬಗ್ಗೆ. ಮಾವನ ಬಿಪಿ ಆ ಸಲವೂ ನೂರ ಎಪ್ಪತ್ತು ದಾಟಿತ್ತು. ಸುಮಿತಾಳ ಮುಖ ಸಣ್ಣದಾಯಿತು. ಅತ್ತೆ ಬಡಿಸಿದ ಮುದ್ದೆ, ಹುರುಳಿಕಾಳು ಸಾರು ಉಂಡು, ಮಾವಿನಕಾಯಿ ಉಪ್ಪಿನಕಾಯಿಯನ್ನು ಎರಡನೇ ಸಲ ಹಾಕಿಸಿಕೊಂಡು ನೆಕ್ಕುತ್ತಾ ಮಾವನಿಗೆ ಉಪ್ಪು ಬಿಡಬೇಕು ಅಂತ ಬೋಧನೆ ಮಾಡಿದಳು. ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಿದಳು. ಮಾವ “ಊಂ” ಅಂದರು. ಆ ಊಂ ಎಂಥದ್ದು ಅಂತ ಕೊಟ್ಟಿಗೆಯ ಹಸುಗಳಿಗೂ ಗೊತ್ತಾಗುತ್ತಿತ್ತು. ಅವಳು ‘ಹೌದು’ ಅಂತ ಬರೆದುಕೊಂಡಳು. ನಾನು ಬಾಯಿ ತೆರೆದೆ, ಮಾವ ನನ್ನ ಕಡೆ ನೋಡಿದರು, ಮುಚ್ಚಿದೆ. ಆ ತಪ್ಪು ನನ್ನದು.

“ತಾತ, ನಮ್ಮ ಬ್ಯಾಚಲ್ಲಿ ಎಲ್ಲರ ಫ್ಯಾಮಿಲೀಲೂ ಇಂಪ್ರೂವ್‌ಮೆಂಟ್ ಬಂದಿದೆ” ಅಂದಳು ಸುಮಿತಾ. “ನಂದೊಂದೇ ಇಲ್ಲ. ಮುಂದಿನ ಸಲ ಸರ್ ಬಂದು ಕೂತು ನೋಡ್ತಾರೆ. ನಿಮ್ಮ ಬಿಪಿ ಇಳಿದ್ರೆ ನನಗೆ ಮಾರ್ಕ್ಸು. ಇಲ್ಲಾಂದ್ರೆ ಇಲ್ಲ.”

“ಅದಕ್ಕೂ ಮಾರ್ಕು ಕೊಡ್ತಾರಾ?”

“ಕೊಡ್ತಾರೆ ತಾತ.”

ಮಾವ ತಲೆಯ ವಸ್ತ್ರ ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ವಿಚಾರ ಮಾಡುವಾಗ ಹಾಗೆ ಮಾಡುತ್ತಾರೆ. “ಯಾವತ್ತು ಬತ್ತೀರಾ?”

“ಫೆಬ್ರವರಿ ಎರಡನೇ ಶನಿವಾರ.”

“ಅವತ್ತೇನಾ? ಇಂದುಮುಂದು ಆಗಲ್ಲ ತಾನೆ?”

“ಇಲ್ಲ ತಾತ, ಪಕ್ಕಾ.”

“ಸರಿ ಓಗು ತಾಯಿ. ಮಾರ್ಕು ನಂಗ್ ಬಿಡು.”

ತಾತ ಎಷ್ಟು ಒಳ್ಳೆಯವರು ಅಂತ ಅವಳು ಬಸ್ಸು ಹತ್ತುವವರೆಗೂ ಹೇಳುತ್ತಿದ್ದಳು. ನಾನೂ, ಇನ್ನಾದರೂ ಮಾತ್ರೆ ನುಂಗುತ್ತಾರೆ, ಈ ಹುಡುಗಿಯಿಂದ ಇಷ್ಟಾದರೂ ಉಪಕಾರವಾಯಿತು ಅಂದುಕೊಂಡೆ.

ಫೆಬ್ರವರಿಯ ಆ ಶನಿವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹನ್ನೊಂದು ಗಂಟೆಗೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಬೆಳಗಿನ ಹಾಲು ಹಾಕಿ ಬಂದವರು ಎಂದಿನಂತೆ ಹುಲ್ಲು ಕೊಯ್ಯಲು ಹೋಗದೆ ಕೂತೇ ಇದ್ದದ್ದನ್ನು ನಾನು ಗಮನಿಸಿದೆ. ಅತಿಥಿಗಳು ಬರುತ್ತಾರೆ ಅಂತ ಇರಬಹುದು ಅಂದುಕೊಂಡೆ. ಸುಮಿತಾ ಬಂದಳು, ಉದ್ದನೆಯ ಹುಡುಗ ಬಂದ, ಸರ್ ಬಂದು ಕುರ್ಚಿಯಲ್ಲಿ ಕೂತರು. ಈಗ ಅವಳ ಕೈ ಪಳಗಿತ್ತು. ಪಟ್ಟಿ ಒಂದೇ ಸಲಕ್ಕೆ ಸುತ್ತಿದಳು, ಗಾಳಿ ಬಿಟ್ಟಳು, ಕಣ್ಣು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದಳು.

“ಸರ್, ನೂರಾ ನಾಲ್ಕು, ಅರವತ್ತೆರಡು.”

ಸರ್ ಹುಬ್ಬೇರಿಸಿದರು. “ಇನ್ನೊಂದ್ಸಲ ನೋಡು.” ನೋಡಿದಳು. ಅಷ್ಟೇ. “ಸ್ವಲ್ಪ ಕಮ್ಮೀನೇ ಆಯ್ತು. ಅವರನ್ನ ಎಬ್ಬಿಸಿ ನಿಲ್ಲಿಸಿ ಒಂದ್ಸಲ ಬಿಪಿ ತಗೋ. ಏನು ತಗೋತಿದ್ದಾರೆ ಅಂತ ಸರಿಯಾಗಿ ಕೇಳಿ ಬರ್ಕೋ. ನಾನು ಪಕ್ಕದ ಮನೆ ನೋಡಿ ಬರ್ತೀನಿ” ಅಂತ ಹೇಳಿ ಎದ್ದು ಹೋದರು.

ಅವಳು ಕೇಳಲಿಲ್ಲ. ನಿಲ್ಲಿಸಿಯೂ ನೋಡಲಿಲ್ಲ. ನೂರಾ ನಾಲ್ಕನ್ನು ದಪ್ಪ ಅಕ್ಷರದಲ್ಲಿ ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿ, ಫೋನು ತೆಗೆದಳು. ಅವಳ ಲೆಕ್ಕದಲ್ಲಿ ಮಾವ ಗುಣವಾಗಿದ್ದರು. ಸಂಖ್ಯೆ ಸರಿಯಾದ ಮೇಲೆ ಆ ಸಂಖ್ಯೆಯ ಹಿಂದಿನ ಮುದುಕನನ್ನು ನೋಡುವುದು ಏನಿದೆ? ಅವರ ಹಣೆ ಬೆವರಿತ್ತು. ತುಟಿ ಬಿಳಿಚಿತ್ತು. ಒಂದು ಗಂಟೆ ಹೊತ್ತಿನಿಂದ ಕಂಬ ಬಿಟ್ಟು ಅಲುಗಾಡಿರಲಿಲ್ಲ. ಇವಳ ಪುಸ್ತಕದಲ್ಲಿ ಬೆವರಿಗೆ ಕಾಲಮ್ ಇರಲಿಲ್ಲವೇನೋ.

“ತಾತ, ಒಂದು ಫೋಟೋ. ಪಾಪೂನ ಎತ್ಕೊಂಡು ನಿಂತ್ಕೊಳ್ಳಿ” ಅಂತ ಹೇಳಿ, ಆಟವಾಡುತ್ತಿದ್ದ ನನ್ನ ಮಗನನ್ನು ತಾನೇ ಎತ್ತಿ ಅವರ ತೋಳಿಗೆ ಕೊಟ್ಟಳು.

ಮಾವ ಎದ್ದರು. ಒಂದು ಹೆಜ್ಜೆ ಇಟ್ಟರು. ಆಮೇಲೆ ಯಾರೋ ಹಗ್ಗ ಕತ್ತರಿಸಿದ ಹಾಗೆ ಮಂಡಿ ಮಡಿಚಿಕೊಂಡು ಜಗಲಿಯ ಅಂಚಿನ ಕಡೆ ವಾಲಿದರು. ನಾನು ಹೇಗೆ ಅಲ್ಲಿಗೆ ತಲುಪಿದೆನೋ ಗೊತ್ತಿಲ್ಲ, ನನ್ನ ಕೈಗೆ ಸಿಕ್ಕಿದ್ದು ಪಾಪುವಿನ ಒಂದು ಕಾಲು. ಕಾಲು ಹಿಡಿದು ಎಳೆದುಕೊಂಡೆ. ಅವನ ಬಾಯಿ ಕಂಬಕ್ಕೆ ತಗುಲಿ ತುಟಿ ಒಡೆಯಿತು. ಮಾವ ಅಂಗಳಕ್ಕೆ ಬಿದ್ದರು. ಜಗಲಿಯ ಎತ್ತರ ಎರಡು ಅಡಿ. ಕೆಳಗೆ ಅತ್ತೆ ಒಣಗಲು ಹರಡಿದ್ದ ರಾಗಿ ಹುಲ್ಲು ಇತ್ತು. ಇದ್ದದ್ದಕ್ಕೆ ಬದುಕಿದರು.

ಮಗು ಕಿರುಚುತ್ತಿತ್ತು. ಮಗುವಿನ ಬಾಯಲ್ಲಿ ರಕ್ತ, ಕೆಳಗೆ ಬೂದಿ ಬಣ್ಣದ ಮುಖದ ಮಾವ. ನಾನು ಸುಮಿತಾಳನ್ನು ನೋಡಿದೆ. ಬಿಳಿ ಕೋಟು, ಕತ್ತಿನಲ್ಲಿ ಸ್ಟೆತಾಸ್ಕೋಪು, ಆರು ತಿಂಗಳಿನಿಂದ ನಮ್ಮ ಮನೆಯ ಆರೋಗ್ಯದ ಜವಾಬ್ದಾರಿ ಹೊತ್ತವಳು. ನಿಂತಲ್ಲೇ ನಿಂತಿದ್ದಳು.

“ಏನಾದ್ರೂ ಮಾಡೇ” ಅಂದೆ. ಅದುವರೆಗೂ ಅವಳಿಗೆ ಬನ್ನಿ ಹೋಗಿ ಅಂತಲೇ ಅನ್ನುತ್ತಿದ್ದವಳು ನಾನು.

“ಆಂಟಿ, ಇದು ನಮಗಿನ್ನೂ ಬಂದಿಲ್ಲ” ಅಂದಳು ಅವಳು. “ಇದೆಲ್ಲ ಆಮೇಲಿನ ವರ್ಷದಲ್ಲಿ.”

ಉದ್ದನೆಯ ಹುಡುಗ ಲಾಗ್‌ಬುಕ್ಕಿನಿಂದ ಗಾಳಿ ಬೀಸತೊಡಗಿದ. ಆ ಪುಸ್ತಕದಿಂದ ನಮ್ಮ ಮನೆಗೆ ಆದ ಒಂದೇ ಉಪಯೋಗ ಅದು.

ಅತ್ತೆ ವೆಂಕಟರತ್ನಮ್ಮ ಕೊಟ್ಟಿಗೆಯಿಂದ ಓಡಿಬಂದರು. ಅವರಿಗೆ ಯಾವ ವರ್ಷದಲ್ಲೂ ಯಾವ ಪಾಠವೂ ಆಗಿಲ್ಲ. ಗಂಡನನ್ನು ಅಂಗಾತ ಮಲಗಿಸಿ, ಎರಡೂ ಕಾಲನ್ನು ಎತ್ತಿ ಹಿಂಡಿ ಮೂಟೆಯ ಮೇಲಿಟ್ಟು, ಅಂಗಿಯ ಗುಂಡಿ ಬಿಚ್ಚಿ, ಸುತ್ತ ನಿಂತವರಿಗೆ ದೂರ ಸರಿಯಿರಿ ಅಂದರು. “ಕಾಲು ಮ್ಯಾಲಿದ್ರೆ ರಕ್ತ ತಲೆಗೋಗ್ತದೆ” ಅಂದರು. ಸ್ವಲ್ಪ ಹೊತ್ತಿಗೆ ಮಾವ ಕಣ್ಣು ಬಿಟ್ಟರು. ಬಿಟ್ಟ ಕೂಡಲೇ ಕೇಳಿದ್ದು, “ಮಗು?”

“ಐತೆ, ಸುಮ್ನೆ ಮಲ್ಕೋ” ಅಂದರು ಅತ್ತೆ.

ಅಷ್ಟರಲ್ಲಿ ಸರ್ ಬಂದರು. ನಾಡಿ ಹಿಡಿದು, ಕೆಳಗೆ ಮಂಡಿಯೂರಿ ಕೂತು, ಇಡೀ ಆರು ತಿಂಗಳಲ್ಲಿ ಯಾರೂ ಸರಿಯಾಗಿ ಕೇಳದಿದ್ದ ಪ್ರಶ್ನೆ ಕೇಳಿದರು. “ಬೆಳಗ್ಗೆ ಎಷ್ಟು ಮಾತ್ರೆ ತಗೊಂಡ್ರಿ ಯಜಮಾನ್ರೇ?”

“ನಾಕು.”

“ನಾಲ್ಕಾ? ನಿನ್ನೆ?”

“ನಿನ್ನೆ ಯಾಕೆ ತಗೋಬೇಕು ಸಾ? ನೋಡೋದು ಇವತ್ತಲ್ವಾ?”

ಸರ್ ಸುಮಿತಾಳ ಕಡೆ ನೋಡಿದರು. ಅವಳು ನೆಲ ನೋಡಿದಳು. ಮಾವ ಮಲಗಿದಲ್ಲಿಂದಲೇ, ಮಕ್ಕಳಿಗೆ ವಿವರಿಸುವ ಹಾಗೆ ವಿವರಿಸಿದರು.

“ಈಗ ಮಿಸೀನು ಬಂದೈತೆ, ದಿನಾ ಆಲಿನ ಫ್ಯಾಟು ನೋಡ್ತಾರೆ. ನಮ್ ಕಾಲ್ದಾಗೆ ನಮ್ಮೂರ್ ಡೇರೀಲಿ ಮಂಗಳವಾರಕ್ಕೊಂದ್ ಸಲ ಸ್ಯಾಂಪ್ಲು ತೆಗೀತಿದ್ರು. ಸೋಮವಾರ ಅಸೂಗೆ ಅತ್ತಿಬೀಜದಿಂಡಿ ಎರಡು ಸೇರು ಜಾಸ್ತಿ. ಮಂಗಳವಾರ ಫ್ಯಾಟು ಏರ್ಕೊಂಡ್ ಬರೋದು. ವಾರವೆಲ್ಲ ಅದೇ ಲೆಕ್ಕದಾಗೆ ದುಡ್ಡು. ದಿನಾ ಯಾವನು ಇಂಡಿ ಆಕ್ತಾನೆ? ಪರೀಕ್ಸೆ ದಿನಕ್ಕೆ ತಯಾರು ಮಾಡ್ಬೇಕು, ಅಷ್ಟೆಯಾ. ಈ ಮಗು ಮಾರ್ಕು ಬೇಕಂತು. ಮಾತ್ರೆ ಒಂದು ನುಂಗಿದ್ರೆ ಎಷ್ಟಿಳಿತದೋ ಏನೋ, ಕಮ್ಮಿ ಬಿದ್ರೆ ಅದ್ರ ಬಾಳು ಆಳಾಗ್ತದಲ್ಲಾ ಅಂತ ನಾಕು ಆಕೊಂಡೆ.”

“ನಿನ್ನ ನೀನೇ ಅಸ ಅಂದ್ಕೊಂಡ್ಯೇನಯ್ಯಾ” ಅಂದರು ಅತ್ತೆ.

“ಅಸಾನೇ ವಾಸಿ” ಅಂದರು ಮಾವ. “ಅದ್ಕೆ ತಲೆ ತಿರ್ಗಿಲ್ಲ.”

ಸರ್ ನಗಲಿಲ್ಲ. ಕಾಲೇಜಿನ ಬಸ್ಸಿನಲ್ಲೇ ಬಂಗಾರಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಂದಿನ ಉದ್ದ ಸೀಟಿನಲ್ಲಿ ಮಾವನನ್ನು ಮಲಗಿಸಿ ಅತ್ತೆ ಕಾಲು ಹಿಡಿದುಕೊಂಡು ಕೂತರು. ನಾನು ಪಾಪುವಿನ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಮುಂದೆ ಕೂತೆ. ಸುಮಿತಾ ಪಕ್ಕದಲ್ಲಿ ಅಳುತ್ತಿದ್ದಳು. ಬೂದಿಕೋಟೆ ಕ್ರಾಸ್ ಹತ್ತಿರ ಅಳು ನಿಂತಿತು. ಮೂಗು ಒರೆಸಿಕೊಂಡು ನನ್ನ ಕಡೆ ವಾಲಿ ಕೇಳಿದಳು.

“ಆಂಟಿ, ಈಗ ನಾನು ಯಾವ ರೀಡಿಂಗ್ ಬರೀಲಿ?”

ಆ ಪ್ರಶ್ನೆ ಕೇಳುವಾಗ ಅವಳ ಮುಖದಲ್ಲಿ ಸುಳ್ಳೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಅದೇ ದೊಡ್ಡ ಸಮಸ್ಯೆಯಾಗಿತ್ತು.

“ಬಿದ್ದರು ಅಂತ ಬರಿ” ಅಂದೆ.

“ಬಿದ್ದದ್ದಕ್ಕೆ ಕಾಲಮ್ ಇಲ್ಲ.”

“ಗೆರೆ ಎಳ್ಕೊಂಡು ಮಾಡ್ಕೋ. ನಾಲ್ಕು ಮಾತ್ರೆ ಯಾರಿಗೋಸ್ಕರ ನುಂಗಿದ್ರು ಅಂತ ಅದ್ರ ಪಕ್ಕ ಬರಿ. ನಿನ್ನ ಹೆಸರು ಸಣ್ಣದಾಗಿದೆ, ಜಾಗ ಸಾಕಾಗತ್ತೆ.”

ಅವಳು ಮತ್ತೆ ಅಳತೊಡಗಿದಳು. ನನಗೆ ಒಂದಿಷ್ಟೂ ಅಯ್ಯೋ ಅನ್ನಿಸಲಿಲ್ಲ. ಆಮೇಲೆ ಕೂತು ಯೋಚಿಸಿದರೆ ಅವಳೂ ಮಾವನೂ ಒಂದೇ ಅಂತ ಗೊತ್ತಾಗುತ್ತದೆ. ವರ್ಷವೆಲ್ಲ ಬಿಟ್ಟು ಪರೀಕ್ಷೆಯ ಹಿಂದಿನ ದಿನ ಪುಸ್ತಕ ನುಂಗುವವಳು ಅವಳು, ಮಾತ್ರೆ ನುಂಗುವವರು ಇವರು. ಇಬ್ಬರಿಗೂ ಆರೋಗ್ಯ ಅನ್ನುವುದು ಯಾರಿಗೋ ತೋರಿಸಬೇಕಾದ ಸಾಮಾನು. ಆದರೆ ಮಾವನಿಗೆ ಹಾಗೆ ಕಲಿಸಿದ್ದು ಡೇರಿ. ಅವಳು ಮಾತ್ರ ಕಲಿಯುವುದಕ್ಕೆ ಲಕ್ಷಗಟ್ಟಲೆ ಫೀಸು ಕಟ್ಟಿದ್ದಾಳೆ.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಮಲಗಿಸಿಕೊಂಡು, ಡ್ರಿಪ್ ಹಾಕಿ, ಇಸಿಜಿ ತೆಗೆದು, ಬಿದ್ದು ಉಳುಕಿದ ಸೊಂಟಕ್ಕೆ ಮುಲಾಮು ಕೊಟ್ಟು, ಇನ್ನು ಮೇಲೆ ದಿನಕ್ಕೆ ಒಂದೇ, ಆದರೆ ದಿನಾ ಒಂದು ಅಂತ ಹೇಳಿ ಕಳಿಸಿದರು. ಐವತ್ತು ವರ್ಷದಲ್ಲಿ ಮೊದಲ ಸಲ ಸಂಜೆಯ ಹಾಲು ಮಾವನಿಲ್ಲದೆ ಹೋಯಿತು. ಕಲಾಳ ಗಂಡ ಕರೆದು ಹಾಕಿದ. ಹಸು ಅರ್ಧದಷ್ಟೂ ಹಾಲು ಕೊಡಲಿಲ್ಲವಂತೆ. ಮಾವ ಬಿದ್ದದ್ದಕ್ಕಿಂತ ಹೆಚ್ಚು ನೊಂದದ್ದು ಅದಕ್ಕೆ.

ಮರುದಿನ ಬೆಳಗ್ಗೆ ಎಂದಿನಂತೆ ಕ್ಯಾನು ಹಿಡಿದು ಬಾಗಿಲಿಗೆ ಬಂದರು. ಎಡಗೈ ಚಾಚಿದರು. ಪಾಪು ಊದಿದ ತುಟಿಯಲ್ಲೇ ನಕ್ಕು ಆ ಕಡೆ ಬಾಗಿದ.

ನಾನು ಕೊಡಲಿಲ್ಲ.

“ಮಾತ್ರೆ ತಗೊಂಡು ಬನ್ನಿ ಮಾವ. ನನ್ನ ಮುಂದೆ ನುಂಗಿ. ದಿನಾ. ಕಲಾ ಬಂದು ಬಿಪಿ ನೋಡಿ, ಮೂರು ಸಲ ಸರಿಯಾಗಿ ಬಂದ ಮೇಲೆ ಕೊಡ್ತೀನಿ.”

ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅತ್ತೆ ಏನಾದರೂ ಅನ್ನುತ್ತಾರೆ ಅಂತ ಕಾದೆ. ಅವರು ಕಸಪೊರಕೆ ಹಿಡಿದು ಗುಡಿಸುತ್ತಲೇ ಇದ್ದರು.

ಮಾವ ಒಬ್ಬರೇ ಡೇರಿಗೆ ಹೋದರು. ಮೂರು ದಿನ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕೂತರೆ ಅತ್ತೆಗೆ ಹೇಳಿ ನನ್ನಿಂದ ಬಡಿಸಿಕೊಳ್ಳುವರು. ಪಾಪು ಎರಡು ಹೊತ್ತೂ ಬಾಗಿಲ ಹೊಸಿಲು ಹಿಡಿದು ಅತ್ತ. ಚಲಪತಿ, “ಅಷ್ಟೊಂದು ಕಟುವಾಗಿ ಬೇಡ ಇತ್ತೇನೋ” ಅಂದರು. ನೀವು ಹೇಳಿ ನೋಡಿ ಅಂದೆ. ಹೊದಿಕೆ ಎಳೆದುಕೊಂಡು ಮಲಗಿದರು.

ನಾಲ್ಕನೇ ದಿನ ಮಾವ ಅಂಗೈಯಲ್ಲಿ ಒಂದು ಮಾತ್ರೆ ಇಟ್ಟುಕೊಂಡು ಬಂದರು. “ನೋಡ್ಕೋಮ್ಮ” ಅಂತ ಬಾಯಿಗೆ ಹಾಕಿ, ನೀರು ಕುಡಿದು, ನಾಲಿಗೆ ಎತ್ತಿ ತೋರಿಸಿದರು. ನಾನು ನೋಡಿದೆ. ನಾಲಿಗೆಯ ಅಡಿಯಲ್ಲೂ ನೋಡಿದೆ.

ಹೀಗೆ ಐದು ವಾರ ನಡೆಯಿತು. ಕಲಾ ವಾರಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನೋಡಿಸಿದಳು. ಮೊದಲ ಎರಡು ಸಲ ನೂರೈವತ್ತರ ಮೇಲೇ ಇತ್ತು. ಆಮೇಲೆ ಇಳಿಯಿತು. ನೂರ ನಲವತ್ತೆರಡು, ನೂರ ಮೂವತ್ತೆಂಟು, ಮತ್ತೆ ನೂರ ನಲವತ್ತು. ಮೂರನೆಯದು ಬಂದ ದಿನ ಸಂಜೆ ಮಗುವನ್ನು ಕೊಟ್ಟೆ. ಹಿಂದೆಯೇ ಡೇರಿಯವರೆಗೂ ನಡೆದುಕೊಂಡು ಹೋದೆ. ಮಾವ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ, ಆದರೆ ಬಾವಿ ಬಂದಾಗ ರಸ್ತೆಯ ಆಚೆ ಬದಿಗೆ ಸರಿದು ನಡೆದರು.

ಮೇ ತಿಂಗಳಲ್ಲಿ ಸುಮಿತಾ ಬಂದಳು. ಬಂದವಳೇ ಫೋನು ತೆಗೆದು ಒಂದು ಪೋಸ್ಟರ್ ತೋರಿಸಿದಳು. ಕಾಲೇಜಿನಲ್ಲಿ ಸ್ಪರ್ಧೆ ಇತ್ತಂತೆ, ಎರಡನೇ ಬಹುಮಾನ ಬಂತಂತೆ. ದೊಡ್ಡ ಅಕ್ಷರದಲ್ಲಿ ‘ವಿದ್ಯಾರ್ಥಿನಿಯ ನಿರಂತರ ಸಮಾಲೋಚನೆಯಿಂದ ಹಿರಿಯರೊಬ್ಬರ ರಕ್ತದೊತ್ತಡ ಹತೋಟಿಗೆ’ ಅಂತಿತ್ತು. ಕೆಳಗೆ ಒಂದು ಗೆರೆ, ನೂರ ಎಪ್ಪತ್ತೆಂಟರಿಂದ, ಕಲಾಳನ್ನು ಕೇಳಿ ಪಡೆದ ನೂರ ನಲವತ್ತಕ್ಕೆ ಚೆಂದವಾಗಿ ಇಳಿದು ಬರುತ್ತಿತ್ತು. ನಡುವಿನ ನೂರಾ ನಾಲ್ಕು ಇರಲಿಲ್ಲ. ನಿರಂತರ ಸಮಾಲೋಚನೆ ಅಂದರೆ ಒಟ್ಟು ಮೂರು ಸಲ ಬಂದದ್ದು. ಕಲಾಳ ಹೆಸರಿಲ್ಲ. ಅತ್ತೆಯ ಹೆಸರಿಲ್ಲ. ನನ್ನದು ಬೇಡ ಬಿಡಿ.

“ನೋಡಮ್ಮ, ನಮ್ಮುಡ್ಗಿ ಪಾಸಾದ್ಲು” ಅಂತ ಮಾವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅವರ ಖುಷಿ ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ಎದ್ದು ಒಳಗೆ ಹೋಗುವವಳಿದ್ದೆ. ಸುಮಿತಾ ಬಿಪಿ ಯಂತ್ರವನ್ನು ಬ್ಯಾಗಿನಿಂದ ತೆಗೆದಳು, ಪಟ್ಟಿ ಸುತ್ತದೆ ತೊಡೆಯ ಮೇಲಿಟ್ಟುಕೊಂಡು ಕೂತಳು.

“ತಾತ, ಇವತ್ತು ಎಷ್ಟು ತಗೊಂಡ್ರಿ?”

“ಒಂದು.”

“ನಿನ್ನೆ?”

“ಒಂದು.”

“ಮೊನ್ನೆ? ಅದರಾಚೆ ದಿನ?”

ಮಾವ ನನ್ನ ಕಡೆ ಕೈ ತೋರಿಸಿದರು. “ಈ ಪೋಲೀಸಮ್ಮನ್ನ ಕೇಳು.”

ಅವಳು ನಿಜವಾಗಿಯೂ ಎದ್ದು ಬಂದು ನನ್ನನ್ನು ಕೇಳಿದಳು. ಕೊಟ್ಟಿಗೆಗೆ ಹೋಗಿ ಗೂಡಿನಲ್ಲಿದ್ದ ಮಾತ್ರೆ ಹಾಳೆಯನ್ನು ತೆಗೆದು ಎಷ್ಟು ಖಾಲಿಯಾಗಿವೆ ಅಂತ ಬೆರಳಿನಲ್ಲಿ ಒತ್ತಿ ಒತ್ತಿ ಎಣಿಸಿದಳು. ಸಗಣಿ ತುಳಿದಳು, ನೋಡಿಕೊಳ್ಳಲಿಲ್ಲ. ಇದೊಂದನ್ನು ಕಲಿಯಲು ಒಂಬತ್ತು ತಿಂಗಳು, ನನ್ನ ಮಗನ ತುಟಿ, ಮಾವನ ಸೊಂಟ ಖರ್ಚಾದವು. ಇನ್ನೂ ಇನ್ನೂರು ವಿಷಯ ಬಾಕಿ ಇರಬೇಕು, ಅದಕ್ಕೆಲ್ಲ ಯಾರ್ಯಾರ ಮನೆ ಕಾದಿದೆಯೋ.

ಎಣಿಕೆ ಸರಿ ಇತ್ತು. ಮಾವ ಆಗಲೇ ಕ್ಯಾನು ತೊಳೆದು ಎತ್ತಿಕೊಂಡಿದ್ದರು.

“ಪಾಪೂನ ಕೊಡಮ್ಮ, ಒತ್ತಾಯ್ತು” ಅಂದರು.

ಕೊಟ್ಟೆ.